ಸುಸ್ತಾಗುವ ಮುಂಚೆ

ದೇವಿರಮ್ಮನ ಪ್ರಕಾರ ಬಿಸಿನೀರಿಗೆ ಬಗ್ಗದ ಕಾಯಿಲೆ ಈ ಲೋಕದಲ್ಲಿ ಇರಲಿಲ್ಲ. ಮೈಕೈ ನೋವಿಗೆ ಬಿಸಿನೀರು, ಶೀತಕ್ಕೆ ಬಿಸಿನೀರು. ಗಂಡ ಹೆಂಡತಿ ಜಗಳವಾಡಿದರೂ ಇಬ್ಬರ ತಲೆಗೂ ಎಣ್ಣೆ ತಟ್ಟಿ ಸುಡುನೀರು ಹುಯ್ದರೆ ಸರಿಹೋಗುತ್ತದೆ ಎನ್ನುವ ಪೈಕಿ ಆಕೆ. ಕಡಕೊಳದ ಸುತ್ತಿನ ಹಳ್ಳಿಗಳಲ್ಲಿ ಆಕೆ ನೀರು ಹಾಕಿ ಎಬ್ಬಿಸಿದ ಬಾಣಂತಿಯರು ಎಷ್ಟು ಜನ ಎಂದು ಕೇಳಿದರೆ, ಯಾವ ಮನೆಯಲ್ಲಿ ಇಲ್ಲ ಅಂತ ಕೇಳಿ ಎನ್ನುತ್ತಿದ್ದಳು. ಮಗ ಮಹದೇವು ಮೈಸೂರಿನ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ಸರಸ್ವತಿಪುರಂನಲ್ಲಿ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದಾಗ ಆಕೆ ಮೊದಲು ಹೋಗಿ ನೋಡಿದ್ದು ದೇವರ ಗೂಡನ್ನಲ್ಲ, ಬಚ್ಚಲುಮನೆಯ ಹಂಡೆಯನ್ನು. ತಾಮ್ರದ ಹಂಡೆ ದೊಡ್ಡದಾಗಿಯೇ ಇತ್ತು. ಮನೆ ಒಪ್ಪಿಗೆಯಾಯಿತು.

ಅಂಥ ದೇವಿರಮ್ಮನ ಸೊಸೆಗೇ ಬಿಸಿನೀರಿಗೂ ಬಗ್ಗದ ಸುಸ್ತು ಬಂದು ಕೂತಿತ್ತು.

ಸೊಸೆ ಶಿವನಂಜಮ್ಮ ಸೋಮಾರಿಯಲ್ಲ. ಅದನ್ನು ದೇವಿರಮ್ಮನೇ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಕೋಳಿ ಕೂಗುವ ಮುಂಚೆ ಎದ್ದು, ರಾಗಿ ಬೀಸಿ, ನೀರು ಸೇದಿ, ಸಾರಿಗಿಟ್ಟು, ಅತ್ತೆ ಏಳುವಷ್ಟರಲ್ಲಿ ಬಾಗಿಲಿಗೆ ರಂಗೋಲಿಯನ್ನೂ ಇಟ್ಟಿರುತ್ತಿದ್ದಳು. ಆದರೆ ಎರಡು ವರ್ಷದ ಹಿಂದೆ ಒಂದು ಕಣ್ಣು ಮಂಜಾಗಿ ಒಂದು ತಿಂಗಳಲ್ಲಿ ತಾನೇ ತಿಳಿಯಾಯಿತು. ಆಮೇಲೆ ಎಡಗಾಲು ನೆಲದ ಮೇಲೆ ಎಳೆಯತೊಡಗಿತು. ಅದರ ಬೆನ್ನಿಗೇ ಸುಸ್ತು. ಕೆಲಸ ಮಾಡಿ ಬರುವ ಸುಸ್ತು ಅವಳಿಗೆ ಗೊತ್ತಿತ್ತು, ಅದು ಉಂಡು ಮಲಗಿದರೆ ಹೋಗುತ್ತಿತ್ತು. ಇದು ಮಲಗಿ ಎದ್ದಾಗಲೇ ಜೊತೆಗೆ ಎದ್ದಿರುತ್ತಿತ್ತು. ಕೈಯೆತ್ತಿ ಜಡೆ ಹೆಣೆದುಕೊಳ್ಳುವಷ್ಟರಲ್ಲಿ ತೋಳು ಸೋತು ತೊಡೆಯ ಮೇಲೆ ಬೀಳುತ್ತಿತ್ತು.

ಟಾನಿಕ್ ಆಯಿತು, ರಕ್ತ ಕಡಿಮೆ ಎಂದು ಸೂಜಿಯಾಯಿತು, ದೃಷ್ಟಿ ತೆಗೆದದ್ದಾಯಿತು. ದೇವಿರಮ್ಮ ಮಂಗಳವಾರ, ಶುಕ್ರವಾರ ತಪ್ಪದೆ ಹರಳೆಣ್ಣೆ ತಿಕ್ಕಿ ಹಂಡೆ ಬರಿದಾಗುವ ತನಕ ನೀರು ಹಾಕಿದಳು. ನೀರು ಹಾಕಿಸಿಕೊಂಡ ದಿನ ಶಿವನಂಜಮ್ಮ ಸಂಜೆಯವರೆಗೆ ಮೇಲೇಳುತ್ತಿರಲಿಲ್ಲ. ಎಣ್ಣೆನೀರು ಹಾಕಿಕೊಂಡ ಮೇಲೆ ನಿದ್ದೆ ಬರುವುದು ಯಾರಿಗೆ ಗೊತ್ತಿಲ್ಲ? ನೀರು ಚೆನ್ನಾಗಿ ಹಿಡಿದಿದೆ ಎಂದು ಅತ್ತೆಗೆ ಸಮಾಧಾನವೇ ಆಗುತ್ತಿತ್ತು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಆಷಾಢದಲ್ಲಿ ದೊಡ್ಡಾಸ್ಪತ್ರೆಯಲ್ಲಿ ಇಂಗ್ಲೆಂಡಿನಲ್ಲಿ ಓದಿಬಂದ ಒಬ್ಬ ಡಾಕ್ಟರು ಮಂಡಿಗೆ ಸುತ್ತಿಗೆ ಬಡಿದು, ಕಣ್ಣಿಗೆ ಬೆಳಕು ಬಿಟ್ಟು, ಮೂರು ಸಲ ಕರೆಸಿ ನೋಡಿ, ಇದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರೆ, ನರದ ಕಾಯಿಲೆ, ನಮ್ಮ ಕಡೆ ಅಪರೂಪ ಎಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ, ಮಿದುಳಿನ ಹುಕುಂ ಕೈಕಾಲಿಗೆ ಸರಿಯಾಗಿ ತಲುಪುತ್ತಿಲ್ಲ ಎಂದರು. ಲೈನ್‌ಮನ್ ಮಹದೇವುಗೆ ಅದು ತಕ್ಷಣ ಅರ್ಥವಾಯಿತು. ಅರ್ಥವಾದದ್ದಕ್ಕೇ ಹೆದರಿಕೆಯೂ ಆಯಿತು.

“ವೈರೇ ಬದಲಾಯಿಸಕ್ಕೆ ಆಗಲ್ವಾ ಸಾರ್?” ಎಂದು ಕೇಳಿದ.

ಡಾಕ್ಟರು ನಗಲಿಲ್ಲ. ವಾಸಿ ಮಾಡುವ ಔಷಧಿ ಇಲ್ಲ, ಮುಂದೆ ಏರಬಹುದು, ವರ್ಷಗಟ್ಟಲೆ ಹೀಗೇ ಇರಲೂಬಹುದು, ಆದರೆ ಹದವರಿತು ನಡೆದರೆ ಸಂಸಾರ ಮಾಡಿಕೊಂಡಿರಬಹುದು ಎಂದರು. ಬಿಸಿಲು, ಶಾಖ ಬೇಡ. ಮುಖ್ಯವಾಗಿ ಇವರು ಸುಸ್ತಾದ ಮೇಲೆ ಕೂರಬಾರದು, ಸುಸ್ತಾಗುವ ಮುಂಚೆ ಕೂರಬೇಕು.

ಮಹದೇವು ಅವತ್ತೇ ದೇವರಾಜ ಮಾರ್ಕೆಟ್ಟಿನ ಹತ್ತಿರ ಹೆಂಡತಿಗೊಂದು ಕೊಡೆ ಕೊಂಡ. ಶಾಖದ ವಿಚಾರ ಅಲ್ಲಿಗೆ ಮುಗಿಯಿತು ಎಂದುಕೊಂಡರು. ಮನೆಗೆ ಬಂದು ಡಾಕ್ಟರ ಎರಡನೇ ಮಾತನ್ನು ತಾಯಿಗೆ ಹೇಳಿದಾಗ ದೇವಿರಮ್ಮ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.

“ಸುಸ್ತಾದ ಮೇಲೆ ಕೂತ್ಕಂಡ್ರೆ ದಣಿವು ಅಂತಾರೆ. ಸುಸ್ತಾಗೋಕೆ ಮುಂಚೇನೇ ಕೂತ್ಕಂಡ್ರೆ ಅದಕ್ಕೆ ಏನಂತಾರೆ ಅಂತ ಕೇಳ್ಕಂಡು ಬಂದ್ಯಾ ಡಾಕ್ಟ್ರನ್ನ?”

ಮಹದೇವು ಕೇಳಿಕೊಂಡು ಬಂದಿರಲಿಲ್ಲ. ಆದರೆ ಡಾಕ್ಟರು ಒಂದು ಹೇಳಿದರೆ ಇವನು ಹತ್ತು ಮಾಡಿದ. ಹೆಂಡತಿ ಕೊಡ ಎತ್ತಬಾರದು, ಪೊರಕೆ ಹಿಡಿಯಬಾರದು, ಒಲೆಯ ಮುಂದೆ ಕೂರಬಾರದು. ಕಂಬದ ಮೇಲೆ ಹುಷಾರಾಗಿರುವ ಗಂಡಸು ಮನೆಯಲ್ಲೂ ಎಲ್ಲ ಕಡೆ ಕರೆಂಟೇ ಕಂಡ. ಶಿವನಂಜಮ್ಮ ನಡುಮನೆಯ ಗೋಡೆಗೆ ಒರಗಿ, ನೆಂಟರ ಮನೆಗೆ ಬಂದವಳ ಹಾಗೆ ಕೂತಳು. ಅಷ್ಟು ಕೂತರೂ ಸುಸ್ತು ಹೋಗಲಿಲ್ಲ. ಕೂತೂ ಕೂತೂ ಕಾಲು ಇನ್ನಷ್ಟು ಬಿಗಿದುಕೊಂಡಿತು.

ಕೆಲಸವೆಲ್ಲ ಬಂದು ಬಿದ್ದದ್ದು ಮಗಳು ಪ್ರೇಮಲೀಲಾಳ ಮೇಲೆ. ಅವಳು ಹೈಸ್ಕೂಲಿಗೆ ಸೇರಿ ಎರಡನೇ ವರ್ಷ. ಬೆಳಿಗ್ಗೆ ಬೀದಿಯ ನಲ್ಲಿಯಿಂದ ನೀರು ತಂದು, ಅಜ್ಜಿಯ ಜೊತೆ ಅಡಿಗೆ ಮಾಡಿ, ಪಾತ್ರೆ ಬೆಳಗಿ ಓಡಿದರೂ ಬೆಲ್ಲು ಹೊಡೆದಿರುತ್ತಿತ್ತು. ಒಂದು ಸಂಜೆ ಲೆಕ್ಕದ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎಬ್ಬಿಸಿ ಮುದ್ದೆಗಿಡು ಎಂದರೆ ಕಣ್ಣು ಮುಚ್ಚಿಕೊಂಡೇ ತಿರುವಿದಳು.

ಊಟಕ್ಕೆ ಹುರುಳಿಸಾರು. ದೇವಿರಮ್ಮ ಮುದ್ದೆ ಮುರಿದಳು. ನಡುವೆ ಹಸಿ ಹಿಟ್ಟಿನ ಗಂಟು.

“ದಸರಾ ರಜ ಬತ್ತದಲ್ಲ, ಅದು ಮುಗುದ್ಮೇಲೆ ಇವಳು ಸ್ಕೂಲಿಗೆ ಹೋಗೋದು ಬ್ಯಾಡ,” ಎಂದಳು.

“ಯಾಕವ್ವ?” ಎಂದ ಮಹದೇವು.

“ಯಾಕೆ ಅಂತ ಈ ಮುದ್ದೇನ ಕೇಳು. ಓದೂದೂ ಬೇಕು, ಬೇಯ್ಸೂದೂ ಬೇಕು ಅಂದ್ರೆ ಎರಡೂ ಗಂಟೇ ಆಗೋದು. ನಂಗೆ ಅರವತ್ತು ದಾಟ್ತು. ನಿನ್ನ ಹೆಂಡ್ತಿ ಎದ್ರೆ ಬೀಳ್ತಾಳೆ. ಮನೆ ನಡೀಬೇಕಲ್ಲಪ್ಪ.”

ಪ್ರೇಮಲೀಲಾ ಅಳಲಿಲ್ಲ, ಅಮ್ಮನ ಮುಖ ನೋಡಿದಳು. ಶಿವನಂಜಮ್ಮ ಎತ್ತಿದ್ದ ತುತ್ತನ್ನು ತಟ್ಟೆಯಲ್ಲಿಟ್ಟಳು. ಅವಳ ತವರಿನಲ್ಲಿ ಅವಳನ್ನೂ ಹೀಗೇ, ತಾಯಿಯ ಬಾಣಂತನದ ನೆಪದಲ್ಲಿ, ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದರು. ಬಿಡಿಸಿದ್ದು ಒಂದು ತಿಂಗಳಿಗೆ ಅಂತ. ಆ ತಿಂಗಳು ಇನ್ನೂ ಮುಗಿದಿರಲಿಲ್ಲ.

“ಅವಳು ಓದ್ಲಿ ಅತ್ತೆ. ಮನೆ ಕೆಲಸ ನಾನು ನೋಡ್ಕೋತೀನಿ,” ಎಂದಳು.

“ಎಂಗೆ ನೋಡ್ಕತೀಯಾ?”

ದೇವಿರಮ್ಮ ಕೇಳಿದ್ದು ಕುಹಕದಿಂದಲ್ಲ, ನಿಜವಾಗಿಯೂ ಕೇಳಿದಳು.

ಅಷ್ಟರಲ್ಲಿ ಕಡಕೊಳದಿಂದ ಹೇಳಿಕಳಿಸಿದರು. ದೇವಿರಮ್ಮನ ತಮ್ಮನ ಮಗಳಿಗೆ ಚೊಚ್ಚಲ ಹೆರಿಗೆ, ನೀರು ಹಾಕುವುದಕ್ಕೆ ಸೋದರತ್ತೆಯೇ ಬೇಕಂತೆ. ಇಂಥ ಕರೆ ಬಂದರೆ ದೇವಿರಮ್ಮ ಸ್ವಂತ ಮನೆಗೆ ಬೆಂಕಿ ಬಿದ್ದಿದ್ದರೂ ಹೋಗುವವಳೇ. ಸೀರೆ ಗಂಟು ಕಟ್ಟಿಕೊಂಡು, ಗೌರಿ ಹಬ್ಬಕ್ಕೂ ನಾನಿರಲ್ಲ, ಮಹಾಲಯ ಅಮಾವಾಸ್ಯೆಗೆ ಮುಂಚೆ ಬರ್ತೀನಿ, ಅಷ್ಟರಲ್ಲಿ ಎಂಗೆ ನೋಡ್ಕತೀಯಾ ಅಂತ ತೋರ್ಸು ಎಂದು ಸೊಸೆಗೆ ಹೇಳಿ ಬಸ್ಸು ಹತ್ತಿದಳು.

ಮನೆಯಲ್ಲಿ ಮೂವರೇ ಉಳಿದರು. ಮೊದಲ ಬೆಳಿಗ್ಗೆಯೇ ಶಿವನಂಜಮ್ಮ ಗಂಡನಿಗೆ, ನೀವು ಬೇಡ ಬೇಡ ಅನ್ನೋದು ನಿಲ್ಲಿಸಿ, ಯಾವುದು ಆಗುತ್ತೆ ಯಾವುದು ಆಗಲ್ಲ ಅಂತ ನಾನು ಮಾಡಿಯೇ ನೋಡ್ತೀನಿ ಎಂದಳು. ಮಹದೇವು ಬಿದ್ದರೆ ಎಂದ. ಬಿದ್ದರೆ ಎತ್ತಿ ಎಂದಳು. ಹದಿನೈದು ವರ್ಷ ಮೀರಿದ ಸಂಸಾರದಲ್ಲಿ ಅವಳು ಗಂಡನಿಗೆ ಅಷ್ಟು ಚುಟುಕಾಗಿ ಮಾತಾಡಿದ್ದು ಅದೇ ಮೊದಲು.

ಮಾಡಿ ನೋಡುತ್ತ ಹೋದಂತೆ ಒಂದೊಂದೇ ತಿಳಿಯಿತು. ಬೆಳಗಿನ ತಂಪು ಹೊತ್ತಿನಲ್ಲಿ ಕೈಕಾಲು ಮಾತು ಕೇಳುತ್ತಿದ್ದವು. ಬಿಸಿಲು ಏರಿದಂತೆ ಕೇಳುತ್ತಿರಲಿಲ್ಲ. ಹಾಗಾಗಿ ಎರಡು ಹೊತ್ತಿನ ಸಾರೂ ಬೆಳಿಗ್ಗೆಯೇ ಆಗತೊಡಗಿತು. ನೆಲದಿಂದ ಏಳುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ ಎನ್ನುವುದು ತಿಳಿದ ಮೇಲೆ, ಈಳಿಗೆಮಣೆ, ತರಕಾರಿ, ಉಪ್ಪು, ಹುಣಸೆಹಣ್ಣು ಎಲ್ಲವನ್ನೂ ಪ್ರೇಮಲೀಲಾ ಅಮ್ಮನ ಸುತ್ತ ಕೈಗೆಟಕುವಂತೆ ಇಟ್ಟುಹೋಗುತ್ತಿದ್ದಳು. ಒಮ್ಮೆ ಕೂತರೆ ಮಾಡುವಷ್ಟೂ ಮಾಡಿಯೇ ಏಳುವುದು. ಬಟ್ಟೆ ಒಂದೇ ದಿನ ರಾಶಿ ಹಾಕಿ ಒಗೆಯುವ ಬದಲು ದಿನವೂ ನಾಲ್ಕು. ಒರಳಿನ ಕೆಲಸವಾದ ಮೇಲೆ, ಇನ್ನೂ ಮಾಡಬಲ್ಲೆ ಅನ್ನಿಸುತ್ತಿರುವಾಗಲೇ, ಗಾರೆ ನೆಲದ ಮೇಲೆ ಕತ್ತಿಗೆ ಒದ್ದೆ ಟವಲು ಹಾಕಿಕೊಂಡು ಮಲಗಿಬಿಡುವುದು. ಈ ಕಡೆಯದು ಎಲ್ಲಕ್ಕಿಂತ ಕಷ್ಟವಾಯಿತು. ಮೈ ಕೇಳಿದರೂ ಮನಸ್ಸು ಕೇಳುತ್ತಿರಲಿಲ್ಲ; ಹಾಡಹಗಲು ಮಲಗಿದ ಹೆಂಗಸು ಎಂದು ತನ್ನ ಬಾಯಲ್ಲೇ ತನಗೆ ಬೈಗುಳ ಬರುತ್ತಿತ್ತು.

ಸ್ನಾನದ ವಿಷಯಕ್ಕೆ ಯಾರೂ ಗಮನವನ್ನೇ ಕೊಡಲಿಲ್ಲ. ಹಂಡೆಗೆ ಉರಿ ಹಾಕುವವಳು ಕಡಕೊಳದಲ್ಲಿದ್ದಳು. ಸೌದೆ ಸೀಳುವುದು ಯಾರು ಎಂದು ಶಿವನಂಜಮ್ಮ ತೊಟ್ಟಿಯ ನೀರನ್ನೇ ಹುಯ್ದುಕೊಂಡು ಬರುತ್ತಿದ್ದಳು.

ಮುದ್ದೆ ತಿರುವುವುದು ಮಾತ್ರ ಆಗಲಿಲ್ಲ. ಒಲೆಯ ಝಳಕ್ಕೆ ಮುಖ ಕೊಟ್ಟು ಕೋಲು ಹಿಡಿದರೆ ಸ್ವಲ್ಪ ಹೊತ್ತಿಗೇ ಕಣ್ಣು ಮಂಜಾಗಿ ಕೈ ಜಾರುತ್ತಿತ್ತು. ಕೊನೆಗೆ ಮಹದೇವು ಹಿತ್ತಲ ಬಾಗಿಲು ಹಾಕಿ, ಪಂಚೆ ಎತ್ತಿ ಕಟ್ಟಿ, ತಪ್ಪಲೆಯನ್ನು ಪಾದದಲ್ಲಿ ಒತ್ತಿ ಹಿಡಿದು ತಾನೇ ತಿರುವಿದ. ಮೊದಲ ದಿನದ್ದು ಅಂಬಲಿಯಾಯಿತು, ಎರಡನೆಯ ದಿನದ್ದು ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟಾಗುವ ಹಾಗಿತ್ತು. ವಾರ ಕಳೆಯುವಷ್ಟರಲ್ಲಿ ಹದ ಬಂತು. ಬಾಗಿಲು ಹಾಕುವುದನ್ನು ಮಾತ್ರ ಬಿಡಲಿಲ್ಲ. ಪಕ್ಕದ ಮನೆಯ ನೀಲಮ್ಮ ನೋಡಿಬಿಟ್ಟರೆ ಸುದ್ದಿ ಅವನಿಗಿಂತ ಮುಂಚೆ ಕರೆಂಟ್ ಆಫೀಸು ಮುಟ್ಟುತ್ತಿತ್ತು.

ತಪ್ಪು ಆಗಲಿಲ್ಲ ಎಂದಲ್ಲ. ಗೌರಿ ಹಬ್ಬದ ಹಿಂದಿನ ದಿನ ಶಿವನಂಜಮ್ಮನಿಗೆ ಮೈ ಹೂವಿನ ಹಾಗೆ ಹಗುರವಾಗಿತ್ತು. ಎಷ್ಟೋ ತಿಂಗಳ ಮೇಲೆ ಸಿಕ್ಕ ಒಳ್ಳೆಯ ದಿನ. ಆಸೆಗೆ ಬಿದ್ದು ಮಧ್ಯಾಹ್ನವೆಲ್ಲ ಎಣ್ಣೆ ಬಾಣಲೆಯ ಮುಂದೆ ಕೂತು ಚಕ್ಕುಲಿ ಕರಿದಳು. ಹಬ್ಬದ ದಿನ ಹಾಸಿಗೆಯ ಮೇಲೆ, ಮಾರನೆಯ ದಿನವೂ ಹಾಸಿಗೆಯ ಮೇಲೆ. ಪ್ರೇಮಲೀಲಾ ಚಕ್ಕುಲಿ ಮುರಿದು ಅಮ್ಮನ ಬಾಯಿಗಿಡುತ್ತ, ಚೆನ್ನಾಗಿರೋ ದಿನಾನೇ ಜಾಸ್ತಿ ಹುಷಾರಾಗಿರಬೇಕು ಅಲ್ವಾಮ್ಮ ಎಂದಳು. ಹೌದು ಕಣೆ, ಕೆಟ್ಟ ದಿನ ತಾನಾಗಿಯೇ ಮಲಗಿಸುತ್ತೆ ಎಂದಳು ತಾಯಿ. ಇಬ್ಬರೂ ನಕ್ಕರು. ಚಕ್ಕುಲಿಯಂತೂ ಗರಿಗರಿಯಾಗಿತ್ತು.

ದೇವಿರಮ್ಮ ಹೇಳಿದ ಹೊತ್ತಿಗೆ ಬಂದಳು. ಮನೆ ಗುಡಿಸಿತ್ತು, ಬಸ್ಸಾರು ಘಮ್ಮೆನ್ನುತ್ತಿತ್ತು, ಮೊಮ್ಮಗಳು ಕಾಲುಪರೀಕ್ಷೆಯಲ್ಲಿ ಪಾಸಾಗಿದ್ದಳು. ಅಡಿಗೆಮನೆಗೆ ಇಣುಕಿದರೆ ಮಗ ಮುದ್ದೆಕೋಲು ಹಿಡಿದು ನಿಂತಿದ್ದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಸಿಟ್ಟೋ ನಗುವೋ ತಿಳಿಯಲಿಲ್ಲ. ಆದರೆ ಸೊಸೆಯ ಮುಖ ನೋಡಿದಾಗ ಆದದ್ದು ಸಂತೋಷವೇ. ನಂಜನಗೂಡಿಗೆ ಹೋಗಿ ಹರಕೆ ಹೊತ್ತಿದ್ದಳಂತೆ.

“ನಂಜುಂಡಪ್ಪ ಕಣ್ಬುಟ್ಟ ಕಣವ್ವ. ಶುಕ್ರವಾರ ನಾನೇ ನಿಂಗೆ ನೀರು ಹಾಕ್ತೀನಿ. ಮೈತುಂಬ ಹಾಕ್ತೀನಿ.”

ಶುಕ್ರವಾರ ಕತ್ತಲಿರುವಾಗಲೇ ಎದ್ದು ಹಂಡೆಗೆ ಉರಿ ಹಾಕಿದಳು. ತೆಂಗಿನ ಮಟ್ಟೆ, ಸೌದೆ, ಮೇಲೆ ಹೊಟ್ಟು. ಬಚ್ಚಲುಮನೆ ಹಬೆಯಿಂದ ತುಂಬಿ ಹೋಯಿತು. ನೆತ್ತಿಗೆ ಎಣ್ಣೆ ಬಡಿದು, ಬೆನ್ನು ತಿಕ್ಕಿ, ಸೀಗೆಪುಡಿ ಹಾಕಿ, ಚೊಂಬಿನ ಮೇಲೆ ಚೊಂಬು ಹುಯ್ದಳು. ಬಾಣಂತಿಗೆ ಹುಯ್ಯುವ ಹಾಗೆ ಸೊಂಟಕ್ಕೆ ರಪ್ಪೆಂದು ಎರಚಿದಳು. ಶಿವನಂಜಮ್ಮನಿಗೆ ಹಿತವಾಗಿಯೇ ಇತ್ತು. ತಾಯಿ ಸತ್ತ ಮೇಲೆ ಅವಳ ತಲೆಗೆ ಎಣ್ಣೆ ಹಚ್ಚಿದ ಕೈ ಇದೊಂದೇ.

ಏಳಲು ಹೋದಳು. ಕಾಲು ಇರಲಿಲ್ಲ. ಇದ್ದವು, ಆದರೆ ಅವಳವಾಗಿರಲಿಲ್ಲ. ಕಣ್ಣ ಮುಂದೆ ಮಂಜು ಕವಿದು ಅತ್ತೆಯ ಮುಖವೇ ಕಾಣಲಿಲ್ಲ. ದೇವಿರಮ್ಮ ಕೂಗಿಕೊಂಡಳು, ಮಹದೇವು ಓಡಿಬಂದು ಎತ್ತಿಕೊಂಡು ಹೋಗಿ ಮಲಗಿಸಿದ.

“ಇದಕ್ಕೇ ನಾನು ಬಡ್ಕಂಡಿದ್ದು,” ದೇವಿರಮ್ಮ ಅಳುತ್ತಲೇ ಮಗನ ಮೇಲೆ ಬಿದ್ದಳು. “ನಾನಿಲ್ದೆ ಇದ್ದಾಗ ಗೇಯ್ಸಿ ಗೇಯ್ಸಿ ಹಾಕಿದೀರಾ. ಸಾಕು. ಪ್ರೇಮ ಮನೇಲಿ ಇರ್ತಾಳೆ. ಇನ್ನು ಮಾತಿಲ್ಲ.”

“ನೀನು ಇಲ್ದೆ ಇದ್ದಾಗ ಅಮ್ಮ ಚೆನ್ನಾಗಿದ್ಲು ಅಜ್ಜಿ. ನೀನು ಬಂದ್ಮೇಲೇ ಹಿಂಗಾಗಿದ್ದು,” ಎಂದಳು ಪ್ರೇಮಲೀಲಾ.

ಮಹದೇವು ಮಗಳಿಗೆ ಒಂದು ಬಿಟ್ಟ. ಆದರೆ ಮಾತು ಆಡಿದರೆ ಹೋಯಿತು. ದೇವಿರಮ್ಮ ಅವತ್ತು ಊಟ ಮಾಡಲಿಲ್ಲ. ಹಂಡೆಯ ಒಲೆಯಿಂದ ಬೂದಿಯನ್ನೂ ತೆಗೆಯಲಿಲ್ಲ.

ಮಲಗಿದ್ದ ಶಿವನಂಜಮ್ಮನಿಗೆ ಮಗಳ ಮಾತು ಕೇಳಿಸಿತ್ತು. ಅವಳು ಸತ್ತರೂ ಅತ್ತೆಯನ್ನು ಹಾಗೆನ್ನುವವಳಲ್ಲ. ಆದರೆ ಮೈಯ ಬಿಸಿ ಆರುತ್ತ ಬಂದ ಹಾಗೆ ಕಣ್ಣಿನ ಮಂಜು ಹರಿಯಿತು, ಸಂಜೆಗೆ ಕಾಲು ಹಿಂದಕ್ಕೆ ಬಂತು. ಗೇಯ್ಮೆಯ ಸುಸ್ತಾಗಿದ್ದರೆ ಚಕ್ಕುಲಿಯ ಸುಸ್ತಿನಂತೆ ಎರಡು ದಿನ ಇರಬೇಕಿತ್ತು. ಒಲೆಯ ಝಳಕ್ಕೆ ಕಣ್ಣು ಮಂಜಾಗಿದ್ದು ನೆನಪಾಯಿತು. ಎರಡು ವರ್ಷದ ಮಂಗಳವಾರ, ಶುಕ್ರವಾರಗಳೆಲ್ಲ ನೆನಪಾದವು. ಮಗಳು ಕೋಪದಲ್ಲಿ ಅಂದದ್ದರಲ್ಲಿ ಅರ್ಧ ನಿಜ ಇತ್ತು ಎಂದು ಗೊತ್ತಾದಾಗ ಅವಳಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು.

ಮಂಗಳವಾರ ದೇವಿರಮ್ಮ ಮುನಿಸಿನಲ್ಲಿ ನೀರು ಹಾಕಲಿಲ್ಲ. ಶಿವನಂಜಮ್ಮ ತೊಟ್ಟಿಯ ನೀರು ಹುಯ್ದುಕೊಂಡಳು, ಏನೂ ಆಗಲಿಲ್ಲ. ಆಗ ಗಂಡನಿಗೆ ಹೇಳಿದಳು. ಅವನು ಸೈಕಲ್ಲು ತುಳಿದು ಡಾಕ್ಟರ ಹತ್ತಿರ ಹೋದ.

“ಶಾಖ ಬೇಡ ಅಂದಿದ್ದೆನಲ್ರೀ,” ಎಂದರು ಅವರು.

“ಬಿಸಿಲು ಅಂದ್ಕೊಂಡ್ವಿ ಸಾರ್. ಕೊಡೆ ತಗೊಂಡ್ವಿ.”

ಡಾಕ್ಟರು ಹಣೆಗೆ ಕೈ ಹಚ್ಚಿ ಕೂತರು. ಸವೆದ ನರ ಬಿಸಿಯಾದರೆ ಇನ್ನೂ ಕೆಲಸ ಕೆಡುತ್ತದೆ, ತಣಿದರೆ ಮತ್ತೆ ಸರಿಹೋಗುತ್ತದೆ, ಬಿಸಿಲಾದರೇನು, ಒಲೆಯಾದರೇನು, ಹಂಡೆಯಾದರೇನು. ವಾರಕ್ಕೆರಡು ಸಲ ಸುಡುನೀರು ಹಾಕಿಸಿಕೊಳ್ಳುತ್ತಾರೆಯೇ ಎಂದು ತಾನು ಕೇಳಬೇಕಿತ್ತು ಎಂದರು.

ವಿಷಯ ಬಗೆಹರಿಯಿತು, ಹೇಳುವವರು ಯಾರು? ದೇವಿರಮ್ಮನಿಗೆ ನಿನ್ನ ನೀರೇ ಸೊಸೆಗೆ ವಿಷ ಎಂದು ಹೇಳುವುದು ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಹದೇವು ಹನ್ನೊಂದು ಸಾವಿರ ವೋಲ್ಟಿನ ಲೈನಿಗೆ ಏಣಿ ಹಾಕುವವನು, ತಾಯಿಯ ಮುಂದೆ ನಿಂತು ಅವ್ವ ಎಂದವನು ಒಂದು ಲೋಟ ನೀರು ಕುಡಿದು ವಾಪಸು ಬಂದ. ಕೊನೆಗೆ ಶಿವನಂಜಮ್ಮನೇ ಹೋದಳು. ದೇವಿರಮ್ಮ ಹಿತ್ತಲ ಜಗುಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಸೊಸೆ ಪಕ್ಕದಲ್ಲಿ ಕೂತು, ಸುತ್ತಿ ಬಳಸದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

ಮೊರ ನಿಂತಿತು.

“ಅಂಗಾರೆ ಇಷ್ಟು ದಿನ ನಿನ್ನ ಮಲಗಿಸ್ತಿದ್ದೋಳು ನಾನೇ.”

“ನಿಮಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ ಅತ್ತೆ.”

“ಎಷ್ಟು ಬಾಣಂತೀರ್ನ ಎಬ್ಬಿಸಿದ ಕೈ ಇದು.” ದೇವಿರಮ್ಮ ಕೈ ಮುಂದೆ ಚಾಚಿ ನೋಡಿಕೊಂಡಳು. ಕಣ್ಣಲ್ಲಿ ನೀರಿತ್ತು. “ಮನೆ ಸೊಸೇನೇ ಬೀಳಿಸ್ತಲ್ಲ.”

“ನಿಮ್ಮ ಕೈ ನಂಗೆ ಬೇಕು ಅತ್ತೆ. ನೀರು ಮಾತ್ರ ತಣ್ಣಗಿರ್ಲಿ.”

ದೇವಿರಮ್ಮ ತಲೆಯಾಡಿಸಿದಳು. ತಲೆಗೆ ತಣ್ಣೀರು ಹುಯ್ಯುವುದು ಸಾವಿನ ಮನೆಯಿಂದ ಬಂದವರಿಗೆ, ಮುತ್ತೈದೆಗೆ ನನ್ನ ಕೈಯಾರೆ ಅದನ್ನು ಮಾಡಲಾರೆ ಎಂದಳು. ನೀನೇ ಹುಯ್ದುಕೋ, ನಾನು ಆ ಕಡೆ ನೋಡುವುದಿಲ್ಲ. ಇನ್ನು ಪ್ರೇಮಳ ಸ್ಕೂಲಿನ ಮಾತು. ರಜ ಮುಗಿಯುವುದು ದೀಪಾವಳಿ ಆದ ಮೇಲೆ ತಾನೆ? ಹಬ್ಬದ ಕೆಲಸವನ್ನು ನೀನು ಬೀಳದೆ ತೂಗಿಸಿದರೆ ಅವಳು ಸ್ಕೂಲಿಗೆ, ಬಿದ್ದರೆ ಮನೆಗೆ. ಇಷ್ಟು ಹೇಳಿ ಮತ್ತೆ ಕೇರತೊಡಗಿದಳು. ಅಷ್ಟು ಹೊತ್ತು ಕೇರಿದರೂ ಆವತ್ತಿನ ರಾಗಿಯಲ್ಲಿ ಕಲ್ಲು ಉಳಿದಿತ್ತು.

ದಸರಾಕ್ಕೆ ಕಡಕೊಳದಿಂದ ನೆಂಟರು ಬಂದರು, ಮೆರವಣಿಗೆ ನೋಡಿದರು, ಉಂಡರು, ಹೋದರು. ಶಿವನಂಜಮ್ಮ ಅವರ ಜೊತೆ ಸವಾರಿ ನೋಡಲು ಹೋಗಲಿಲ್ಲ. ಇರುವ ಶಕ್ತಿಯನ್ನು ಆನೆ ನೋಡಿ ಕಳೆಯುವುದು ಅವಳಿಗೆ ಬೇಡವಾಗಿತ್ತು. ನೀನು ನೋಡೋಕೆ ಚೆನ್ನಾಗೇ ಇದೀಯಲ್ಲ, ಯಾಕೆ ಹೀಗೆ ಕೂತಿರ್ತೀಯಾ ಎಂದು ನೀಲಮ್ಮ ಕೇಳಿದಾಗ ನಕ್ಕಳು. ಕಾಣುವ ಕಾಯಿಲೆಗೆ ಕನಿಕರ ಸಿಗುತ್ತದೆ, ಕಾಣದ್ದಕ್ಕೆ ಪ್ರಶ್ನೆಗಳು ಸಿಗುತ್ತವೆ. ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ. ಮಂಗಳವಾರ, ಶುಕ್ರವಾರ ಬಂದರೆ ಮಾತ್ರ ದೇವಿರಮ್ಮ ಏನಾದರೂ ನೆಪ ತೆಗೆದು ಬೀದಿಗೆ ಹೋಗಿಬಿಡುತ್ತಿದ್ದಳು.

ದೀಪಾವಳಿಯ ಕೆಲಸವನ್ನು ಶಿವನಂಜಮ್ಮ ಮುಂಚಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಹರಡಿದಳು. ಒಂದು ದಿನ ಅಟ್ಟದ ಪಾತ್ರೆ, ಒಂದು ದಿನ ಒಂದು ಕೋಣೆಯ ಧೂಳು, ಒಂದು ದಿನ ಏನೂ ಇಲ್ಲ. ಕಜ್ಜಾಯದ ಪಾಕವನ್ನು ಬೆಳಗಿನ ತಂಪಿನಲ್ಲಿ ಹಿಡಿದಳು. ಕರಿಯುವುದಕ್ಕೆ ಮಹದೇವು ಕೂತ. ಈ ಸಲ ಹಿತ್ತಲ ಬಾಗಿಲು ತೆರೆದೇ ಇತ್ತು. ಪ್ರೇಮಲೀಲಾ ಅಮ್ಮ ಎಲ್ಲಿ ಎದ್ದುನಿಂತರೂ ಹಿಂದೆಯೇ ನಿಲ್ಲುತ್ತಿದ್ದಳು, ಬಿದ್ದರೆ ಅಜ್ಜಿಗೆ ಕಾಣುವ ಮುಂಚೆ ಹಿಡಿಯಬೇಕು ಎಂದು.

ನೀರು ತುಂಬುವ ಹಬ್ಬದ ಸಂಜೆ ದೇವಿರಮ್ಮ ಬಚ್ಚಲುಮನೆಗೆ ಯಾರನ್ನೂ ಸೇರಿಸಲಿಲ್ಲ. ಹುಣಸೆಹಣ್ಣು ಹಾಕಿ ಹಂಡೆ ತಿಕ್ಕುವ ಸದ್ದು ತುಂಬ ಹೊತ್ತು ಕೇಳಿಸಿತು. ಹಾಗಲಬಳ್ಳಿ ತರಲು ಮೊಮ್ಮಗಳನ್ನು ಕಳಿಸಿದಳು. ಪ್ರೇಮಲೀಲಾ ಒಂದು ಎಳೆ ತಂದರೆ, ಇನ್ನೊಂದು ತತ್ತಾ ಎಂದು ಮತ್ತೆ ಅಟ್ಟಿದಳು.

ಬೆಳಗಿನ ಜಾವ ಮಹದೇವುಗೆ, ಪ್ರೇಮಲೀಲಾಗೆ ಎಣ್ಣೆನೀರಾಯಿತು. ಶಿವನಂಜಮ್ಮ ತಾನು ಕೊನೆಗೆ ತೊಟ್ಟಿಯ ಹತ್ತಿರ ಹೋಗಿ ಹುಯ್ದುಕೊಂಡರಾಯಿತು ಎಂದು ಅಡಿಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ವರ್ಷದ ಹಬ್ಬದ ದಿನ ಎಲ್ಲರ ತಲೆಯಲ್ಲೂ ಎಣ್ಣೆ, ತನ್ನ ತಲೆ ಮಾತ್ರ ಒಣಗಿದೆಯೆಂದು ಅವಳಿಗೆ ದುಃಖ ಬಂದಿತ್ತು. ಒಳಗಿಂದ ಅತ್ತೆ ಕರೆದಳು.

ಬಚ್ಚಲುಮನೆಯಲ್ಲಿ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಬಳ್ಳಿ ಸುತ್ತಿತ್ತು. ಅದರ ಪಕ್ಕದಲ್ಲಿ, ಒಲೆಯಿಂದ ದೂರದಲ್ಲಿ, ಒಂದು ಹೊಸ ಮಣ್ಣಿನ ಮಡಕೆ. ಅದಕ್ಕೂ ಪಟ್ಟೆ, ಅದಕ್ಕೂ ಹಾಗಲಬಳ್ಳಿ, ಅದಕ್ಕೂ ಅರಿಶಿನ ಕುಂಕುಮ, ಮುಂದೆ ಹಣತೆ.

“ನೆನ್ನೆ ಸಂಜೇನೇ ತುಂಬಿ ಪೂಜೆ ಮಾಡಿವ್ನಿ. ಪೂಜೆ ಮಾಡಿದ ನೀರು ಗಂಗೆ. ಅದಕ್ಕೆ ತಣ್ಣೀರು ಅನ್ನೋ ಹೆಸರಿಲ್ಲ,” ಎಂದಳು ದೇವಿರಮ್ಮ. ಹಂಡೆಯಿಂದ ಒಂದೇ ಒಂದು ಚೊಂಬು ಬಿಸಿನೀರು ತೆಗೆದು ಮಡಕೆಗೆ ಸುರಿದು, ಎಳೆಗೂಸಿನ ನೀರಿಗೆ ನೋಡುವ ಹಾಗೆ ಮೊಳಕೈ ಅದ್ದಿ ನೋಡಿದಳು. “ಚಳಿಯೂ ಇಲ್ಲ, ಬಿಸಿಯೂ ಇಲ್ಲ. ಹದ ನಂಗೆ ಬುಡು. ಕೂತ್ಕೋ.”

ಎಣ್ಣೆ ನೆತ್ತಿಗೆ ಬಿತ್ತು. ಆ ಕೈ ಮೊದಲಿನಂತೆಯೇ ಬಡಿಯಿತು, ತಿಕ್ಕಿತು, ಕಿವಿ ಹಿಂಡಿತು. ನೀರು ಬೆನ್ನ ಮೇಲೆ ಹರಿಯುವಾಗ ಶಿವನಂಜಮ್ಮ ಅತ್ತಳು; ಮುಖದ ಮೇಲೆ ನೀರಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದಳು. ದೇವಿರಮ್ಮ ಎರಡು ಕೈಯನ್ನೂ ಚಾಚಿ ಸಿದ್ಧವಾಗಿ ನಿಂತಿದ್ದಳು. ಹಿಡಿಯಬೇಕಾಗಲಿಲ್ಲ. ಎಡಗಾಲು ಎಂದಿನಂತೆ ಸ್ವಲ್ಪ ಎಳೆಯಿತು, ಅಷ್ಟೆ. ಶಿವನಂಜಮ್ಮ ತನ್ನ ಕಾಲ ಮೇಲೆ ನಡೆದು ನಡುಮನೆಗೆ ಬಂದು ದೀಪಕ್ಕೆ ಎಣ್ಣೆ ಹಾಕಿದಳು. ಬಾಗಿಲ ಹಿಂದೆ ನಿಂತಿದ್ದ ಪ್ರೇಮಲೀಲಾ ಓಡಿಹೋಗಿ ಅಜ್ಜಿಯ ಒದ್ದೆ ಸೀರೆಯನ್ನೇ ತಬ್ಬಿಕೊಂಡಳು. ಬಿಡೇ, ಸೀಗೆಪುಡಿ ಮೆತ್ಕೋತದೆ ಎಂದು ಬೈದಳು ದೇವಿರಮ್ಮ, ತಾನು ಬಿಡಲಿಲ್ಲ.

ಬಲಿಪಾಡ್ಯಮಿ ಕಳೆದು ಸ್ಕೂಲು ತೆರೆದ ಬೆಳಿಗ್ಗೆ ನೀಲಮ್ಮ ಹೆಪ್ಪು ಕೇಳಿಕೊಂಡು ಬಂದಳು. ಒಲೆಯ ಮೇಲೆ ಸಾರು ಕುದಿದು ಇಳಿದಿತ್ತು, ಚಟ್ನಿ ರುಬ್ಬಿಟ್ಟಿತ್ತು. ಶಿವನಂಜಮ್ಮ ಜಗುಲಿಯ ನೆರಳಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ದೇವಿರಮ್ಮ ನಿಂತು ಬಟ್ಟೆ ಹರವುತ್ತಿದ್ದಳು.

“ಏನು ದೇವಿರಮ್ಮ, ಸೊಸೆ ಕೂತವಳೆ, ಅತ್ತೆ ಗೇಯ್ತಾವಳೆ?” ಎಂದಳು ನೀಲಮ್ಮ.

ಶಿವನಂಜಮ್ಮ ಅಭ್ಯಾಸಬಲದಿಂದ ಏಳಲು ಹೋದಳು. ದೇವಿರಮ್ಮ ಹಿಂಡಿದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಏಳಬೇಡ ಎಂದು ಸೊಸೆಗೆ ಕೈಸನ್ನೆ ಮಾಡಿದಳು.

“ಅವಳೂ ಕೆಲಸ ಮಾಡ್ತಾವಳೆ ಕಣೆ,” ಎಂದಳು. “ಸಾರು ಮಾಡೋ ಕೆಲಸ ಮುಗೀತು. ಈಗ ಕೂತ್ಕಳೋ ಕೆಲಸ.”

ಬೀದಿಯ ಕೊನೆಯಿಂದ ಸ್ಕೂಲಿನ ಮೊದಲನೇ ಬೆಲ್ಲು ಕೇಳಿಸಿತು. ಪ್ರೇಮಲೀಲಾ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು, ಹೋಗ್ಬರ್ತೀನಿ ಎಂದು ಇಬ್ಬರಿಗೂ ಒಟ್ಟಿಗೆ ಕೂಗಿ ಗೇಟು ದಾಟಿ ಓಡಿದಳು.